ರಜೆಯಲ್ಲಿ ಹಮ್ಮಾಮ್‌ಗೆ ಹೋಗಬಹುದೇ?

ರಜೆಗೆ ಇಸ್ತಾಂಬುಲ್ ಸುತ್ತಿ ಬರುವವರು ಈಗ ನಮ್ಮ ಈಶ್ವರಮಂಗಲದ ಕಡೆಯೂ ಇದ್ದಾರೆ. ಅಲ್ಲಿನ ಹಮ್ಮಾಮ್‌ಗೆ ಹೋಗಬಹುದೇ?

ನಾವು ಬಚ್ಚಲಲ್ಲಿ ಅಡಿಕೆ ಸಿಪ್ಪೆ ಉರಿಸಿ ಹಂಡೆ ಕಾಯಿಸುತ್ತೇವೆ. ಹಮ್ಮಾಮ್‌ನಲ್ಲಿ ಬೆಂಕಿಯ ಬಿಸಿ ನೆಲದಡಿಯ ಪೊಳ್ಳಿನಲ್ಲಿ ಹರಿದು ಕೋಣೆಯ ಅಮೃತಶಿಲೆಯೇ ಕಾಯುತ್ತದೆ. ಆ ಪೊಳ್ಳಿಗೆ ತುರ್ಕರು ಇಟ್ಟ ಹೆಸರು ಜಹನ್ನಮ್ ಎಂಬುದರಿಂದಲೇ ಬಂದದ್ದು! ಅಲ್ಲಿ ತೊಟ್ಟಿಯಲ್ಲಿ ಮುಳುಗುವುದಿಲ್ಲ, ಕಲ್ಲಿನ ಬೋಗುಣಿಯಿಂದ ನೀರು ಮೊಗೆದು ಸುರಿದುಕೊಳ್ಳುತ್ತಾರೆ.

ಹೋಗುವುದು ತಪ್ಪಲ್ಲ. ಆದರೆ ಲುಂಗಿಯಿಲ್ಲದೆ ಹಮ್ಮಾಮ್ ಪ್ರವೇಶಿಸಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಪುರುಷರಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಔರತ್. ಅಲ್ಲಿ ಕೊಡುವ ತೆಳು ವಸ್ತ್ರ, 'ಪೆಷ್ಟೆಮಾಲ್', ಒದ್ದೆಯಾದರೆ ಮೈಗಂಟುತ್ತದೆ, ಜಾರುತ್ತದೆ. ಒಳಗೆ ಮೊಣಕಾಲು ಮುಚ್ಚುವ ಚಡ್ಡಿ ಇರಲಿ. ಮೈ ಉಜ್ಜುವವನ ಕೈ ತೊಡೆಗೆ ಬಂದರೆ "ಸಾಕು" ಎನ್ನಲು ಸಂಕೋಚ ಬೇಡ. ದುಡ್ಡು ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರುವವರು ನಾವೇ.

ಮಹಿಳೆಯರು ಅಗತ್ಯವಿಲ್ಲದೆ ಹೋಗುವುದನ್ನು ಹಲವು ಉಲಮಾಗಳು ಮೆಚ್ಚಿಲ್ಲ. ಹೋಗುವುದಾದರೆ ಪ್ರತ್ಯೇಕ ಭಾಗವಿರುವ ಕಡೆಗೇ ಹೋಗಬೇಕು; 1584ರ ಚೆಂಬರ್ಲಿತಾಶ್ ಹಮ್ಮಾಮ್ ಅಂಥದ್ದು. ಕೆಲವು ಪ್ರವಾಸಿ ಹಮ್ಮಾಮ್‌ಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಇರುತ್ತಾರೆ, ಬುಕಿಂಗ್‌ಗೆ ಮೊದಲೇ ವಿಚಾರಿಸಿ. ಹೆಂಗಸರೆದುರು ಹೆಂಗಸರಿಗೂ ಔರತ್ ಇದೆಯೆಂಬುದನ್ನು ಹೆಣ್ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಿ.

ಹಮ್ಮಾಮ್‌ನೊಳಗೆ ನಮಾಝ್ ಕರಾಹತ್. ಅಸರ್ ಮುಗಿಸಿಯೇ ಒಳಗೆ ಹೋಗಿ.