ಮೂರ್ತಿಯಿಲ್ಲದ ಪೀಠ

ಕನ್ನಡ ಅಧ್ಯಾಪಕನೊಬ್ಬ ಗಣಕಯಂತ್ರದ ವಿಷಯ ಬರೆಯಹೊರಟುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದರೆ ನಷ್ಟವಾದದ್ದು ನಮ್ಮ ವಿಭಾಗದ ಸೊತ್ತು, ತಪ್ಪೂ ನನ್ನದೇ. ಆದುದರಿಂದ ಹೇಳುವ ಅಧಿಕಾರವೂ ನನಗುಂಟೆಂದು ಭಾವಿಸಿದ್ದೇನೆ.

ಸಮೀಪದ ಮನೆತನವೊಂದು ತನ್ನ ಅಟ್ಟದ ಮೇಲಿದ್ದ ತಾಳೆಯೋಲೆಯ ಕಟ್ಟನ್ನು ಹದಿನೈದು ದಿನಗಳ ಮಟ್ಟಿಗೆ ನಮಗಿತ್ತಿತ್ತು. ವಿದ್ಯಾರ್ಥಿಗಳು ಒಂದೊಂದು ಗರಿಯನ್ನೂ ಒರೆಸಿ, ಬೆಳಕಿಗೆ ಹಿಡಿದು, ಚಿತ್ರ ತೆಗೆದರು. ಓಲೆಗಳು ಹಿಂದಿರುಗಿದವು. ಚಿತ್ರಗಳು ವಿಭಾಗದ ಲಿನಕ್ಸ್ ಯಂತ್ರದ ಎರಡನೆಯ ಡಿಸ್ಕಿನಲ್ಲಿ ಉಳಿದವು. ಮೂರನೆಯದರಲ್ಲಿ ಅವುಗಳ ಪ್ರತಿ. ಯಂತ್ರ ಎದ್ದೊಡನೆ ಸ್ಕ್ರಿಪ್ಟೊಂದು ತಾನಾಗಿಯೇ ನಡೆದು ಪ್ರತಿಯನ್ನು ಮೂಲಕ್ಕೆ ಸರಿದೂಗಿಸುತ್ತಿತ್ತು. ಅದನ್ನು ಬರೆದು ನಾನು ತುಸು ಬೀಗಿದ್ದುಂಟು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸಿನ ಸಂಪ್ರದಾಯವೇ ಲಿನಕ್ಸಿನದೂ. ಅಲ್ಲಿ ಕಡತಗಳೆಲ್ಲ ಸೇರಿ ಒಂದೇ ಮರ. ಬೇರು ಮೇಲೆ, ಕೊಂಬೆ ಕೆಳಗೆ. ಬೇರೊಂದು ಡಿಸ್ಕನ್ನು ಆ ಮರದ ಒಂದು ಬರಿಯ ಕೋಶದ ಮೇಲೆ ಪ್ರತಿಷ್ಠಾಪಿಸಬೇಕು. ಇದೇ ಮೌಂಟ್. ಪ್ರತಿಷ್ಠೆ ನಡೆಯದಿದ್ದರೂ ಪೀಠವೇನೋ ಇದ್ದೇ ಇರುತ್ತದೆ, ತೊಡಕೆಲ್ಲ ಇಲ್ಲಿಯೇ. ಪೀಠವೇ ಇಲ್ಲದಿದ್ದರೆ ಅರ್ಚಕ ಗಾಬರಿಯಿಂದ ಕೂಗಿಯಾನು. ಮೂರ್ತಿ ಮಾತ್ರ ಇಲ್ಲದಿದ್ದರೆ, ಕಣ್ಣುಮುಚ್ಚಿ ಮಂತ್ರ ಹೇಳುವವನಿಗೆ ತಿಳಿಯುವ ಬಗೆ ಯಾವುದು?

ಒಂದು ಸೋಮವಾರ ವಿದ್ಯುತ್ತು ಹೋಗಿ ಬಂದಿತು. ಎರಡನೆಯ ಡಿಸ್ಕು ಮತ್ತೆ ಏಳಲಿಲ್ಲ. ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಅದರ ಸಾಲಿಗೆ ನಾನು 'ನೋಫೇಲ್' ಎಂದು ಸೇರಿಸಿದ್ದೆ. ಸೇರಿಸದಿದ್ದರೆ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಯಂತ್ರವನ್ನು ತುರ್ತುಸ್ಥಿತಿಯಲ್ಲಿ ನಿಲ್ಲಿಸಿಬಿಡುತ್ತಿತ್ತು. ಆ ರಗಳೆ ಬೇಡವೆಂದೇ ಆ ಪದ! ಯಂತ್ರ ಎಂದಿನಂತೆ ಎದ್ದಿತು. ಸ್ಕ್ರಿಪ್ಟು ಎಂದಿನಂತೆ ಮೂಲವನ್ನು ನೋಡಿತು; ಬರಿದು. ಆರ್‌ಸಿಂಕಿಗೆ ನಾನಿತ್ತ ಆಜ್ಞೆಯಲ್ಲಿ 'ಡಿಲೀಟ್' ಎಂಬ ಮಾತೂ ಇತ್ತು. ಎಂದರೆ ಮೂಲದಲ್ಲಿಲ್ಲದುದು ಪ್ರತಿಯಲ್ಲಿಯೂ ಇರಕೂಡದು. ಅದು ಅಕ್ಷರಶಃ ಪಾಲಿಸಿತು. ಸ್ಕ್ರಿಪ್ಟಿನ ದಿನಚರಿಯಲ್ಲಿ ದೋಷದ ಒಂದು ಸಾಲೂ ಇರಲಿಲ್ಲ.

ಇದು ತಿರುವುಮುರುವಾಗುವುದೂ ಉಂಟು. ಪ್ರತಿಯ ಡಿಸ್ಕೇ ಬಾರದಿದ್ದರೆ ಬರಹವೆಲ್ಲ ಬರಿಯ ಕೋಶಕ್ಕೇ ಬಿದ್ದು ಮುಖ್ಯ ಡಿಸ್ಕು ತುಂಬಿಹೋಗುತ್ತದೆ. ಮುಂದೆ ಡಿಸ್ಕು ಬಂದು ಕುಳಿತಾಗ ಆ ಕಡತಗಳು ಅದರಡಿಯಲ್ಲಿ ಮರೆಯಾಗಿ, ಹುಡುಕುವವನ ತಲೆ ತಿನ್ನುತ್ತವೆ.

ಈಗ ಸ್ಕ್ರಿಪ್ಟಿನ ಮೊದಲ ಸಾಲೇ 'ಮೌಂಟ್‌ಪಾಯಿಂಟ್' ಎಂಬ ಆಜ್ಞೆಯಿಂದ ಮೂರ್ತಿಯುಂಟೇ ಎಂದು ವಿಚಾರಿಸುತ್ತದೆ. ಇಲ್ಲವೆಂದರೆ ಅಲ್ಲಿಯೇ ನಿಲ್ಲುತ್ತದೆ. ಸಿಸ್ಟಮ್‌ಡಿಗೂ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಸಾಲನ್ನು ಬರೆದುಕೊಟ್ಟಿದ್ದೇನೆ. ಡಿಲೀಟನ್ನು ತೆಗೆದುಹಾಕಿದೆ.

ಎರಡು ಮಳೆಗಾಲ ಕಳೆದಿದ್ದವು. ಮತ್ತೊಮ್ಮೆ ಆ ಮನೆಗೆ ಹೋಗಿ, ನಡೆದುದನ್ನು ಹೇಳಿ, ಓಲೆಗಳನ್ನು ಬೇಡಿದೆ. ಯಜಮಾನರು ಏನೂ ಅನ್ನದೆ ಅಟ್ಟಕ್ಕೆ ಏಣಿ ಹಾಕಿಸಿದರು. ಕಟ್ಟಿನ ಮೊದಲ ಹನ್ನೊಂದು ಗರಿಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು.