ಏರಿಯಾನ್ 5 ಮತ್ತು ನಡೆಯದ ಪರೀಕ್ಷೆಗಳು

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರುವಿನಿಂದ ಯುರೋಪಿನ ಹೊಸ ರಾಕೆಟ್ ಏರಿಯಾನ್ 5 ಮೊದಲ ಸಲ ಮೇಲೇರಿತು. ಸುಮಾರು 40 ಸೆಕೆಂಡುಗಳಲ್ಲಿ ದಾರಿ ತಪ್ಪಿ, ಹೊತ್ತೊಯ್ಯುತ್ತಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳ ಸಮೇತ ಸಿಡಿದುಹೋಯಿತು.

ರಾಕೆಟ್ಟಿನ ಓರೆ ಮತ್ತು ಚಲನೆಯನ್ನು ಅಳೆಯುವ ಉಪಕರಣದ ತಂತ್ರಾಂಶ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ದುಡಿದು ನಂಬಿಕೆ ಗಳಿಸಿದ್ದು. ಆದರೆ ಹೊಸ ರಾಕೆಟ್ಟಿನ ಅಡ್ಡವೇಗ ಐದು ಪಟ್ಟು ಬೇಗ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸಹೋದಾಗ ಅದು ಹಿಡಿಸಲಿಲ್ಲ, ಉಪಕರಣ ನಿಂತಿತು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಉಪಕರಣದಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದು ಒಂದು ಕ್ಷಣ ಮೊದಲೇ ನಿಂತಿತ್ತು. ನೋವಿನ ಸಂಗತಿಯೆಂದರೆ, ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ. ಉಪಕರಣ ಕಳಿಸಿದ ದೋಷಸೂಚನೆಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿಯೆಂದೇ ಓದಿ, ಇಲ್ಲದ ಓರೆಯನ್ನು ತಿದ್ದಲು ಎಂಜಿನ್ ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಇಂಥ ದೋಷವನ್ನು ಮೊದಲೇ ಹಿಡಿಯಬಲ್ಲ ಎರಡು ಪರೀಕ್ಷೆಗಳಿವೆ. ಬಿಡಿಭಾಗಗಳು ಜೊತೆಗೂಡಿದಾಗ ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತದೆಯೇ ಎಂದು ನೋಡುವುದು ಇಂಟಿಗ್ರೇಷನ್ ಟೆಸ್ಟ್. ಯಾವ ಕೆಲಸಕ್ಕೆ ಬೇಕೆಂದು ಕೇಳಿದ್ದೆವೋ ಆ ಕೆಲಸವನ್ನು ಅಲ್ಲಿನ ಪರಿಸ್ಥಿತಿಯಲ್ಲೇ ಮಾಡುತ್ತದೆಯೇ ಎಂದು ನೋಡುವುದು ಅಕ್ಸೆಪ್ಟೆನ್ಸ್ ಟೆಸ್ಟ್. ಗಡುವು ಹತ್ತಿರ ಬಂದಾಗ ಯಾವುದನ್ನು ಮೊಟಕು ಮಾಡೋಣ ಎಂಬ ಚರ್ಚೆ ಪ್ರತಿ ತಂಡದಲ್ಲೂ ಏಳುತ್ತದೆ.

ಏರಿಯಾನ್ 5ರಲ್ಲಿ ಎರಡೂ ಮೊಟಕಾಗಿದ್ದವು. ಎಲ್ಲವನ್ನೂ ಜೋಡಿಸಿ ನಡೆಸಿದ ಪರೀಕ್ಷೆಗಳಲ್ಲಿ ನಿಜವಾದ ಉಪಕರಣದ ಜಾಗದಲ್ಲಿ ಅದನ್ನು ಅನುಕರಿಸುವ ಪ್ರೋಗ್ರಾಂ ಇತ್ತು. ಉಪಕರಣ ಬಿಡಿಯಾಗಿ ಈಗಾಗಲೇ ಪಾಸಾಗಿದೆಯಲ್ಲ ಎಂಬ ಭರವಸೆ. ಅನುಕರಣೆ ತನ್ನನ್ನು ಬರೆದವರ ಕಲ್ಪನೆಯಂತೆ ಮಾತ್ರ ನಡೆದುಕೊಳ್ಳುತ್ತದೆ. ಇನ್ನು ಉಪಕರಣಕ್ಕೆ ಕೊಟ್ಟ ನಿರ್ದಿಷ್ಟತೆಯಲ್ಲಿ ಏರಿಯಾನ್ 5ರ ಹಾರಾಟಪಥದ ಅಂಕಿಗಳೇ ಸೇರಿರಲಿಲ್ಲ. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಇದನ್ನು ನೇರವಾಗಿ ಹೇಳಿತು: ಆ ಪಥದ ಪರೀಕ್ಷೆಯನ್ನು ತಯಾರಕರೋ ಅಕ್ಸೆಪ್ಟೆನ್ಸ್ ಹಂತದವರೋ ನಡೆಸಿದ್ದರೆ ದೋಷ ನೆಲದ ಮೇಲೇ ಬಯಲಾಗುತ್ತಿತ್ತು.

ಹಾಗಾಗಿ ಸಮಯ ಕಡಿಮೆಯಿದ್ದಾಗ ನಾನು ಮೊದಲು ಕೇಳುವುದು, ಈ ಯೋಜನೆಯಲ್ಲಿ ಹೊಸದು ಯಾವುದು ಎಂದು. ಬೇರೆ ಬೇರೆ ತಂಡಗಳು ಹೊಸದಾಗಿ ಬರೆದ ಭಾಗಗಳು ಸೇರುತ್ತಿದ್ದರೆ ಇಂಟಿಗ್ರೇಷನ್ ಮೊದಲು, ಅದೂ ನಿಜವಾದ ಭಾಗಗಳನ್ನೇ ಇಟ್ಟು. ಹಳೆಯ ನಂಬಿಗಸ್ತ ತಂತ್ರಾಂಶ ಹೊಸ ಕೆಲಸಕ್ಕೆ ಹೋಗುತ್ತಿದ್ದರೆ ಅಕ್ಸೆಪ್ಟೆನ್ಸ್ ಮೊದಲು. ಹಳೆಯದರ ಮೇಲಿನ ನಂಬಿಕೆಯಿಂದ ಹೆಚ್ಚಾಗಿ ಬಿಟ್ಟುಹೋಗುವುದು ಈ ಎರಡನೆಯದೇ. ಏರಿಯಾನ್ 5ರಲ್ಲೂ ಹಾಗೇ ಆಯಿತು: ಅಪಘಾತದ ನಂತರ ತನಿಖೆಯವರು ನಿಜವಾದ ಪಥದ ಅಂಕಿಗಳನ್ನು ಆ ತಂತ್ರಾಂಶಕ್ಕೆ ಕಂಪ್ಯೂಟರಿನಲ್ಲಿ ಉಣಿಸಿ ನೋಡಿದಾಗ, ಉಪಕರಣದ ವೈಫಲ್ಯ ಹಂತಹಂತವಾಗಿ ಹಾಗೆಯೇ ಮರುಕಳಿಸಿತು.