ಹಂದಿ ಮಾಂಸ ಬಿಳಿಚಿ ನೀರು ಬಿಡೋದು ಯಾಕೆ?

ಹಂದಿ ಕಡಿದ ಮೇಲೂ ಸ್ನಾಯುವಿನಲ್ಲಿ ಕೆಲಸ ನಡೆದೇ ಇರುತ್ತದೆ. ಆಮ್ಲಜನಕ ಸಿಗದೆ ಅಲ್ಲಿನ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಮಾಂಸದ ಪಿಎಚ್ 7ರ ಆಸುಪಾಸಿನಿಂದ 5.6ರ ಹತ್ತಿರಕ್ಕೆ ಇಳಿಯಲು ಹಲವು ಗಂಟೆ ಬೇಕು. ಕೆಲವು ಹಂದಿಗಳಲ್ಲಿ ಒಂದೇ ಗಂಟೆಯೊಳಗೆ 6ಕ್ಕಿಂತ ಕೆಳಗಿಳಿಯುತ್ತದೆ. ಮಾಂಸ ಬಿಸಿಯಿರುವಾಗಲೇ ಹುಳಿಯಾದರೆ ಪ್ರೋಟೀನ್ ಕೆಡುತ್ತದೆ, ನೀರು ಸೋರುತ್ತದೆ. ತೂಕವೂ ಹೋಯ್ತು, ಬೆಲೆಯೂ ಹೋಯ್ತು.

ಇದಕ್ಕೆ ಒಂದು ಕಾರಣ ವಂಶದಿಂದ ಬರುವ ಜೀನ್ ದೋಷ. 1991ರಲ್ಲಿ ಪತ್ತೆಯಾದ ಈ ದೋಷದಿಂದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹತೋಟಿ ತಪ್ಪುತ್ತದೆ. ಬೆಲ್ಜಿಯಂನ ಪಿಯೆಟ್ರೇನ್ ತಳಿಯಲ್ಲಿ ಇದು ಹೆಚ್ಚು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದ ಹಂದಿ ಗಾಬರಿಯಾದರೆ ಸಾಗಾಟದಲ್ಲೇ ಸಾಯಬಹುದು. ಹಾಗಾಗಿ ತಳಿಗೆ ಗಂಡು ತರುವಾಗ ಜೀನ್ ಪರೀಕ್ಷೆಯ ವರದಿ ಕೇಳಿ.

ದೋಷವಿಲ್ಲದ ಹಂದಿಯನ್ನೂ ಕಡಿಯುವ ಮುಂಚೆ ಬಡಿದು ಓಡಿಸಿದರೆ ಮಾಂಸ ಹೀಗೇ ಕೆಡುತ್ತದೆ. ತಂಪು ಹೊತ್ತಲ್ಲಿ ಸಾಗಿಸಿ, ನೀರು ಕೊಟ್ಟು 2–3 ಗಂಟೆ ಸುಧಾರಿಸಿಕೊಳ್ಳಲು ಬಿಡಿ, ಕಡಿದ ಮೇಲೆ ಮಾಂಸ ಬೇಗ ತಣ್ಣಗಾಗಿಸಿ.